ಯಾರ ಕೂಡ ಹಿಡಿದಿದ್ದ?

ತಮ್ಮಾ, ನೀನು ಕಳಿಸುವ ಬಾಕ್ಸಿಂಗ್ ವಿಡಿಯೊಗಳನ್ನು ಬಿಡದೆ ನೋಡುತ್ತೇನೆ. ಹೊಗೆ, ಬಣ್ಣದ ಬೆಳಕು, ಕಿವಿ ಗವ್ವೆನ್ನಿಸುವ ಹಾಡು, ನಡುವೆ ಮಿರಿಮಿರಿ ನಿಲುವಂಗಿ ಹೊದ್ದು ಕುಣಿಯುತ್ತ ಬರುವ ಒಬ್ಬ. ಆಮೇಲೆ ಒಂದೇ ಗುದ್ದು, ಎದುರಿನವ ಅಂಗಾತ. ಮುಗಿಯಿತು. ಕೆಳಗೆ ನಿನ್ನ ಪ್ರಶ್ನೆ: "ಅಜ್ಜಾ, ಇವ ಖರೇನ ದೊಡ್ಡ ಬಾಕ್ಸರೋ, ಬರೀ ಹವಾನೋ?"

ಬಿದ್ದವನ ಹೆಸರೇ ಆ ವಿಡಿಯೊದಲ್ಲಿ ಇರುವುದಿಲ್ಲ, ಉತ್ತರ ಎಲ್ಲಿಂದ ಹೇಳಲಿ? ನಾನು ಬಾಕ್ಸಿಂಗ್ ಆಡಿದವನಲ್ಲ. ನಮ್ಮ ಕಾಲಕ್ಕೆ ಈ ಸೀಮೆಯಲ್ಲಿ ಬಾಕ್ಸಿಂಗ್ ಗ್ಲೌಸ್ ಕಣ್ಣಿಂದ ಕಂಡವರೇ ಕಡಿಮೆ. ಆದರೆ ಗರಡಿ ಮನೆಯ ಮಣ್ಣು ಮೈಗೆ ಹತ್ತಿದೆ, ಜಾತ್ರೆ ಕುಸ್ತಿಯ ಕಣದ ಅಂಚಿಗೆ ಕೂತು ಹಿರಿಯರು ಆಡುವ ಮಾತು ಕಿವಿಗೆ ಬಿದ್ದಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಜಿಲ್ಲೆ ಬಳ್ಳಾರಿ ಅನ್ನಲಿ, ದಾವಣಗೆರೆ ಅನ್ನಲಿ, 2021ರಿಂದ ಈಚೆಗೆ ವಿಜಯನಗರ ಅನ್ನಲಿ, ನಮ್ಮ ಹಳ್ಳಿಗಳಲ್ಲಿ ತೇರು ಎಳೆದ ಮೇಲೆ ಬಯಲು ಕುಸ್ತಿ ಇಡುವ ರೂಢಿ ಹಳೆಯದು. ಮೊದಲು ತೆಂಗಿನಕಾಯಿಗೆ ಹಿಡಿಯುವ ಸಣ್ಣ ಹುಡುಗರು, ಆಮೇಲೆ ರೊಕ್ಕದ ಜೋಡಿಗಳು, ಹೊತ್ತು ಇಳಿಯುವಾಗ ಬೆಳ್ಳಿ ಕಡಗದ ಜೋಡಿ. ಯಾರಿಗೆ ಯಾರನ್ನು ಜೋಡಿ ಹಾಕಬೇಕು ಎಂಬುದನ್ನು ಊರ ಹಿರಿಯರು ಭುಜ, ತೊಡೆ, ವಯಸ್ಸು ನೋಡಿ ನಿರ್ಧರಿಸುತ್ತಿದ್ದರು. ಜೋಡಿ ಸರಿ ಇಲ್ಲ ಅನ್ನಿಸಿದರೆ ಜನ ಕುಸ್ತಿ ಶುರು ಮಾಡಗೊಡುತ್ತಿರಲಿಲ್ಲ.

ಆ ಅಂಚಿಗೆ ಕೂತ ಮುದುಕರ ಮುಂದೆ ಯಾರಾದರೂ ಬಂದು "ನಮ್ಮ ಹುಡುಗ ಈ ವರ್ಷ ಒಂದೂ ಸೋತಿಲ್ಲ" ಅಂದರೆ, ಅವರು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸದೆ ಕೇಳುತ್ತಿದ್ದದ್ದು ಒಂದೇ ಮಾತು: "ಯಾರ ಕೂಡ ಹಿಡಿದಿದ್ದ?" ದಾವಣಗೆರೆ ಪೈಲ್ವಾನರ ಕೂಡ ಹಿಡಿದಿದ್ದನೋ, ಪಕ್ಕದ ಓಣಿಯ ಗೆಳೆಯನ ಕೂಡ ಹಿಡಿದಿದ್ದನೋ? ಎದುರಿನವನು ಆವತ್ತು ಜ್ವರ ಬಿಟ್ಟು ಎದ್ದು ಬಂದಿದ್ದನೋ, ತಾಲೀಮು ಮಾಡಿ ಬಂದಿದ್ದನೋ? ಚಿತ್ ಮಾಡಿದನೋ, ಹೊತ್ತು ಮುಳುಗಿತು ಅಂತ ಬಿಡಿಸಿದರೋ? ಉತ್ತರ ಸಿಗದಿದ್ದರೆ ಆ ಹುಡುಗನ ಹೆಸರು ಅಲ್ಲಿಗೇ ನಿಂತುಬಿಡುತ್ತಿತ್ತು. ನಿನ್ನ ಬಾಕ್ಸರುಗಳಿಗೂ ಇದೇ ಪ್ರಶ್ನೆ ಹಾಕು. ಹವಾ ಎಲ್ಲಿ, ಕಸುವು ಎಲ್ಲಿ ಅನ್ನುವುದು ಮುಕ್ಕಾಲು ಪಾಲು ಇದರಲ್ಲೇ ಬಯಲಾಗುತ್ತದೆ.

ವಿಜೇಂದರ್ ಸಿಂಗ್ ಅವರನ್ನೇ ನೋಡು. ಹರಿಯಾಣದ ಭಿವಾನಿಯವರು. 2008ರ ಬೀಜಿಂಗ್ ಒಲಿಂಪಿಕ್ಸ್‌ನ 75 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಬಾಕ್ಸಿಂಗ್‌ನಲ್ಲಿ ಭಾರತಕ್ಕೆ ಬಂದ ಮೊದಲ ಒಲಿಂಪಿಕ್ ಪದಕ ಅದು. ಮರುವರ್ಷ ಮಿಲಾನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮತ್ತೊಂದು ಕಂಚು. ಇದರಲ್ಲಿ ಹವಾ ಒಂದು ಹಿಡಿಯಷ್ಟೂ ಇಲ್ಲ. ಯಾಕೆ ಗೊತ್ತೇ? ಒಲಿಂಪಿಕ್ಸ್‌ನಲ್ಲಿ ಎದುರಾಳಿಯನ್ನು ಯಾರೂ ಆರಿಸಿಕೊಡುವುದಿಲ್ಲ. ಡ್ರಾ ಎತ್ತಿದಾಗ ಯಾರ ಹೆಸರು ಎದುರಿಗೆ ಬಂತೋ ಅವರ ಕೂಡ ಹಿಡಿಯಬೇಕು. ಕ್ಯೂಬಾದವನಾದರೂ ಸರಿ, ಕಜಕಸ್ತಾನದವನಾದರೂ ಸರಿ, ನಾಳೆ ಬಾ ಅನ್ನುವ ಹಾಗಿಲ್ಲ.

2015ರಲ್ಲಿ ವಿಜೇಂದರ್ ವೃತ್ತಿಪರ ಬಾಕ್ಸಿಂಗ್‌ಗೆ ಹೋದರು. ಅಲ್ಲಿ ಜೋಡಿ ಹಾಕುವ ಹಿರಿಯರು ಇಲ್ಲ, ಪ್ರೊಮೋಟರ್ ಇರುತ್ತಾನೆ. ಟಿಕೆಟ್ ಮಾರುವವನೂ ಅವನೇ, ಎದುರಾಳಿಯನ್ನು ಹುಡುಕಿ ತರುವವನೂ ಅವನೇ. ಮುಂದಿನ ಪಂದ್ಯದ ಟಿಕೆಟ್ ಖರ್ಚಾಗಬೇಕಾದರೆ ತನ್ನ ಕುದುರೆ ಸೋಲಬಾರದು ಅನ್ನುವ ಆಸೆ ಅವನಿಗೆ ಇರುವುದು ಸಹಜ. ವಿಜೇಂದರ್ ಒಂದಾದ ಮೇಲೊಂದು ಗೆಲ್ಲುತ್ತ ಹೋದರು. 2016ರ ಜುಲೈನಲ್ಲಿ ದೆಹಲಿಯಲ್ಲಿ ಕೆರಿ ಹೋಪ್ ಎಂಬುವರನ್ನು ಸೋಲಿಸಿ ಡಬ್ಲ್ಯುಬಿಒ ಏಷ್ಯಾ ಪೆಸಿಫಿಕ್ ಬೆಲ್ಟ್ ಹಾಕಿಕೊಂಡರು. ಟಿವಿಯವರು "ಚಾಂಪಿಯನ್, ಚಾಂಪಿಯನ್" ಎಂದು ಕೂಗಿದರು. ಯಾವುದರ ಚಾಂಪಿಯನ್ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹುಡುಗರು ಮೋಸ ಹೋಗುವುದು ಇಲ್ಲೇ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ದೊಡ್ಡ ಸಂಸ್ಥೆಗಳಿವೆ. ಒಂದೇ ತೂಕಕ್ಕೆ ನಾಲ್ಕೂ ಒಬ್ಬೊಬ್ಬ ವಿಶ್ವ ಚಾಂಪಿಯನ್ನನ್ನು ಇಟ್ಟುಕೊಂಡಿರಬಹುದು. ಅದು ಸಾಲದು ಅಂತ ಅವುಗಳ ಕೆಳಗೆ ಏಷ್ಯಾ ಪೆಸಿಫಿಕ್, ಓರಿಯೆಂಟಲ್, ಇಂಟರ್‌ಕಾಂಟಿನೆಂಟಲ್ ಎಂದು ಬೆಲ್ಟುಗಳ ಸಂತೆಯೇ ಇದೆ. ಪಂದ್ಯಕ್ಕೆ ಬೆಲ್ಟ್ ಇಟ್ಟರೆ ಸಂಸ್ಥೆಗೆ ಶುಲ್ಕ ಬರುತ್ತದೆ, ಪ್ರೊಮೋಟರಿಗೆ ಪೋಸ್ಟರ್‌ನಲ್ಲಿ ಹಾಕಲು ಚಿನ್ನದ ಬಣ್ಣದ ಚಿತ್ರ ಸಿಗುತ್ತದೆ. ಕೆಳಗಿನ ಬೆಲ್ಟ್ ಕೆಟ್ಟದ್ದಲ್ಲ, ಮೇಲಕ್ಕೆ ಹತ್ತಲು ಅದೂ ಒಂದು ಮೆಟ್ಟಿಲು. ಮೆಟ್ಟಿಲ ಮೇಲೆ ನಿಂತವನನ್ನು ಮಾಳಿಗೆ ಹತ್ತಿದ ಅಂತ ಸಾರುವುದೇ ಹವಾ.

ವಿಜೇಂದರ್ ಹನ್ನೆರಡು ಪಂದ್ಯ ಆಡಿ ಹನ್ನೆರಡೂ ಗೆದ್ದಿದ್ದರು. 2021ರ ಮಾರ್ಚ್‌ನಲ್ಲಿ ಗೋವಾದ ಪಣಜಿಯಲ್ಲಿ, ಕ್ಯಾಸಿನೊ ಹಡಗಿನ ಮೇಲೆ, ಆರ್ಟಿಶ್ ಲೊಪ್ಸಾನ್ ಎಂಬ ರಷ್ಯಾದ ಎತ್ತರದ ಬಾಕ್ಸರ್ ಐದನೇ ಸುತ್ತಿನಲ್ಲಿ ಅವರ ಆಟ ಮುಗಿಸಿದ. ಲೊಪ್ಸಾನ್ ಜಗತ್ತಿನ ದೊಡ್ಡ ಹೆಸರೇನೂ ಅಲ್ಲ, ಅಷ್ಟೊತ್ತಿಗೆ ಆಡಿದ್ದೇ ಬೆರಳೆಣಿಕೆಯ ವೃತ್ತಿಪರ ಪಂದ್ಯ. ಆ ಹನ್ನೆರಡು ಗೆಲುವುಗಳಲ್ಲಿ ವಿಜೇಂದರ್ ಜಗತ್ತಿನ ಮುಂಚೂಣಿಯ ಒಬ್ಬನನ್ನೂ ಎದುರಿಸಿರಲಿಲ್ಲ ಅನ್ನುವುದು ಆವತ್ತು ಎಲ್ಲರಿಗೂ ಕಂಡಿತು. ಹಾಗಾದರೆ ವಿಜೇಂದರ್ ಬರೀ ಹವಾನೇ? ಅಲ್ಲಪ್ಪಾ. ಬೀಜಿಂಗ್‌ನ ವಿಜೇಂದರ್ ಅಪ್ಪಟ. ವೃತ್ತಿಪರ ಕಣದ ವಿಜೇಂದರ್‌ಗೆ ಹೊಗಳಿಕೆ ಸಾಧನೆಗಿಂತ ಒಂದಷ್ಟು ಮುಂದೆ ಓಡಿತ್ತು. ಒಬ್ಬನೇ ಮನುಷ್ಯನಲ್ಲಿ ಎರಡೂ ಇರಬಹುದು. ಜನ ಮಾತ್ರ ಒಬ್ಬನನ್ನು ಪೂರ್ತಿ ದೇವರು ಮಾಡುತ್ತಾರೆ, ಇಲ್ಲ ಪೂರ್ತಿ ತಿಪ್ಪೆಗೆ ಹಾಕುತ್ತಾರೆ. ನೀನು ಹಾಗೆ ಮಾಡಬೇಡ. ಯಾವ ಕಾಲದಲ್ಲಿ, ಯಾರೆದುರು ಅಂತ ಬೇರೆ ಬೇರೆ ಲೆಕ್ಕ ಇಡು.

ವೃತ್ತಿಪರ ಬಾಕ್ಸಿಂಗ್‌ನ ಆರಂಭದಲ್ಲಿ ಹಗುರ ಎದುರಾಳಿಗಳನ್ನು ಕೊಡುವುದು ತಪ್ಪೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೂರು ಸುತ್ತು ಆಡಿ ಬಂದವನು ಆರು, ಎಂಟು, ಹತ್ತು, ಹನ್ನೆರಡು ಸುತ್ತಿಗೆ ದಮ್ಮು ಕಟ್ಟಬೇಕು. ತೆಳ್ಳನೆಯ ಗ್ಲೌಸ್‌ನಲ್ಲಿ ಪೆಟ್ಟು ತಡೆಯುವುದು ಕಲಿಯಬೇಕು. ಹೊಸಬರಿಗೆ ಇದನ್ನೆಲ್ಲ ಕಲಿಸಲೆಂದೇ ಊರಿಂದ ಊರಿಗೆ ಹೋಗಿ ಆಡುವ ಬಾಕ್ಸರುಗಳಿದ್ದಾರೆ. ಸೋಲೇ ಅವರ ದುಡಿಮೆ. ಅಂಥವರ ಹೆಸರಿನ ಮುಂದೆ ಗೆಲುವಿಗಿಂತ ಸೋಲು ಜಾಸ್ತಿ ಇರುತ್ತದೆ. ಅವರನ್ನು ನೋಡಿ ನಗಬೇಡ. ಪೆಟ್ಟು ತಿನ್ನದೆ ಸುತ್ತು ಕಳೆಯುವ ವಿದ್ಯೆ ಅವರಷ್ಟು ಬಲ್ಲವರು ಅಪರೂಪ, ಮನೆಯಲ್ಲಿ ಹೆಂಡತಿ ಮಕ್ಕಳನ್ನು ಸಾಕುತ್ತಿರುತ್ತಾರೆ. ನೋಡಬೇಕಾದ್ದು ಎದುರಾಳಿಗಳ ಮಟ್ಟ ಏರುತ್ತ ಹೋಗುತ್ತಿದೆಯೋ ಇಲ್ಲವೋ ಅನ್ನುವುದನ್ನು. ಹತ್ತನೇ ಪಂದ್ಯಕ್ಕೂ ಇಪ್ಪತ್ತನೇ ಪಂದ್ಯಕ್ಕೂ ಅದೇ ಹಗುರ ಜನರೇ ಬರುತ್ತಿದ್ದರೆ, ಪ್ರೊಮೋಟರಿಗೆ ತನ್ನ ಹುಡುಗನ ಮೇಲೆ ನಿನಗಿರುವಷ್ಟು ನಂಬಿಕೆಯೂ ಇಲ್ಲ ಅಂತ ಅರ್ಥ. ಬಾಕ್ಸ್‌ರೆಕ್ ಎಂಬ ಜಾಲತಾಣದಲ್ಲಿ ವೃತ್ತಿಪರರ ಪಂದ್ಯಗಳ ದಾಖಲೆ ಸಿಗುತ್ತದೆ, ಎದುರಾಳಿ ಆವರೆಗೆ ಎಷ್ಟು ಗೆದ್ದಿದ್ದ, ಎಷ್ಟು ಸೋತಿದ್ದ ಅನ್ನುವುದೂ ಕಾಣುತ್ತದೆ. ರೀಲ್ಸ್ ನೋಡುವ ಹೊತ್ತಿನಲ್ಲಿ ಐದು ನಿಮಿಷ ಅದಕ್ಕೆ ಕೊಡು.

ನಮ್ಮ ಅಜ್ಜಂದಿರ ಬಾಯಲ್ಲಿ ಗಾಮಾ ಪೈಲ್ವಾನನ ಹೆಸರು ಯಾಕೆ ಉಳಿಯಿತು ಅಂತ ಯೋಚಿಸಿದ್ದೀಯಾ? 1910ರಲ್ಲಿ ಲಂಡನ್‌ಗೆ ಹೋದಾಗ, ಆಳು ಗಿಡ್ಡ ಅಂತ ಅಲ್ಲಿನವರು ಮೊದಲು ಗಾಮಾನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬಂದವರೆಲ್ಲ ಬರಲಿ ಅಂತ ಅವನೇ ಸವಾಲು ಹಾಕಿದ. ಪೋಲೆಂಡಿನ ಜ್ಬಿಷ್ಕೊ ಆಗಿನ ದೊಡ್ಡ ಹೆಸರು. ಅವನು ಎರಡೂವರೆ ತಾಸು ಮ್ಯಾಟಿಗೆ ಅಂಟಿಕೊಂಡೇ ಕಾಲ ಕಳೆದ, ಕುಸ್ತಿ ಸಮ ಆಯಿತು. ಮರುಪಂದ್ಯಕ್ಕೆ ಜ್ಬಿಷ್ಕೊ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಮತ್ತೆ ಎದುರಾದಾಗ ಒಂದು ನಿಮಿಷವೂ ಹಿಡಿಯಲಿಲ್ಲ, ಚಿತ್. ದೊಡ್ಡವರನ್ನು ಗಾಮಾನೇ ಹುಡುಕಿಕೊಂಡು ಹೋದ. ಹವಾದ ಮನುಷ್ಯ ಹೆಸರು ಹೇಳಿ ಸವಾಲು ಹಾಕುತ್ತಾನೆ, ಆದರೆ ಹಾಳೆಗೆ ಸಹಿ ಹಾಕುವ ಹೊತ್ತಿಗೆ ಮೊಣಕೈ ನೋವು ಬರುತ್ತದೆ, ರೊಕ್ಕ ಹೊಂದುವುದಿಲ್ಲ, ತೂಕ ಹೊಂದುವುದಿಲ್ಲ.

ಹೊರದೇಶದ ಕಥೆ ಒಂದಿದೆ, ಅದನ್ನು ನೆನೆದರೆ ನನಗೆ ಕೋಪಕ್ಕಿಂತ ಮರುಕ ಜಾಸ್ತಿ. ಪ್ರಿಮೊ ಕಾರ್ನೆರಾ ಅಂತ ಇಟಲಿಯವನು. ಬಡವರ ಮನೆಯ ಹುಡುಗ, ಆರೂವರೆ ಅಡಿ ಆಳು, 120 ಕಿಲೊ ಆಸುಪಾಸಿನ ಮೈ. 1930ರಲ್ಲಿ ಅವನನ್ನು ಅಮೆರಿಕಕ್ಕೆ ಕರೆತಂದರು. ಊರೂರಿಗೆ ಕರೆದೊಯ್ದು ಒಬ್ಬೊಬ್ಬರನ್ನೇ ಕೆಡವಿಸಿದರು. ಅದರಲ್ಲಿ ಎಷ್ಟೋ ಪಂದ್ಯಗಳು ಮೊದಲೇ ಮಾತಾಡಿಕೊಂಡವು ಎಂಬ ಆರೋಪ ಆಗಲೇ ಎದ್ದಿತ್ತು. ಅವನ ವ್ಯವಹಾರ ನೋಡುತ್ತಿದ್ದವರಿಗೆ ರೌಡಿ ಗುಂಪುಗಳ ನಂಟು ಇತ್ತು. 1933ರಲ್ಲಿ ಜ್ಯಾಕ್ ಶಾರ್ಕಿಯನ್ನು ಸೋಲಿಸಿ ಹೆವಿವೇಟ್ ವಿಶ್ವ ಚಾಂಪಿಯನ್ ಕೂಡ ಆದ. ಮರುವರ್ಷ ಮ್ಯಾಕ್ಸ್ ಬೇರ್ ಎದುರಿಗೆ ನಿಂತಾಗ ಮತ್ತೆ ಮತ್ತೆ ನೆಲಕ್ಕೆ ಬಿದ್ದ, ಏಳುತ್ತಿದ್ದ, ಬೀಳುತ್ತಿದ್ದ. ಹನ್ನೊಂದನೇ ಸುತ್ತಿನಲ್ಲಿ ರೆಫರಿ ನಿಲ್ಲಿಸಿದರು. 1935ರಲ್ಲಿ ಜೋ ಲೂಯಿಸ್ ಎಂಬ ಯುವಕ ಆರನೇ ಸುತ್ತಿಗೇ ಮುಗಿಸಿದ. ಕಾರ್ನೆರಾ ಗಳಿಸಿದ್ದರ ಬಹುಪಾಲು ಬೇರೆಯವರ ಜೇಬಿಗೆ ಹೋಗಿತ್ತು. ಮುಂದೆ ಅವನು ಹೊಟ್ಟೆಪಾಡಿಗೆ ಪ್ರದರ್ಶನದ ಕುಸ್ತಿ ಹಿಡಿದ.

ಬೇರ್ ಎದುರು ಅಷ್ಟು ಸಲ ಬಿದ್ದೆದ್ದ ಕಾರ್ನೆರಾಗೆ ಎದೆ ಇರಲಿಲ್ಲ ಅನ್ನಲಾದೀತೇ? ಎದೆ ಇತ್ತು, ವಿದ್ಯೆ ಕಡಿಮೆ ಇತ್ತು. ವಿದ್ಯೆ ಕಲಿಯಬೇಕಾದ ವರ್ಷಗಳಲ್ಲಿ ಅವನಿಗೆ ಗೆಲುವುಗಳನ್ನು ತಿನ್ನಿಸಿದರು. ಹವಾ ಮಾಡುವವರು ಮೊದಲು ಕದಿಯುವುದು ಆ ವರ್ಷಗಳನ್ನೇ ತಮ್ಮಾ, ನೋಡುವವರ ಟಿಕೆಟ್ ರೊಕ್ಕ ಆಮೇಲಿನದು.

ನೀನು ಬಹಳ ಹೇಳುತ್ತಿದ್ದ ಜೇಕ್ ಪಾಲ್, ಮೈಕ್ ಟೈಸನ್ ಪಂದ್ಯಕ್ಕೆ ಇಷ್ಟೊಂದು ಮಾತು ಬೇಡ. 2024ರ ನವೆಂಬರ್‌ನಲ್ಲಿ ಅದು ನಡೆದಾಗ ಟೈಸನ್‌ಗೆ 58 ವರ್ಷ, ಪಾಲ್‌ಗೆ 27. ಸುತ್ತಿಗೆ ಮೂರರ ಬದಲು ಎರಡೇ ನಿಮಿಷ, ಗ್ಲೌಸ್ ದಪ್ಪ. ಆರು ಕೋಟಿ ಮನೆಗಳಲ್ಲಿ ಜನ ನೋಡಿದರು ಅಂತ ನೆಟ್‌ಫ್ಲಿಕ್ಸ್ ಹೇಳಿತು. ದೊಡ್ಡಾಟದಲ್ಲಿ ಪಾತ್ರಧಾರಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಪರದೆ ಸರಿಸುವಾಗಲೇ ತನ್ನ ಶೌರ್ಯವನ್ನು ತಾನೇ ಸಾರುತ್ತಾನಲ್ಲ, ಜನ ಸೀಟಿ ಹೊಡೆಯುತ್ತಾರಲ್ಲ, ಇದೂ ಆ ಜಾತಿಯ ಸಂಭ್ರಮ. ನೋಡು, ಖುಷಿಪಡು. 1990ರಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್‌ಗೆ ಸೋತ ಟೈಸನ್ ಬೇರೆ, ಈ ಮುದುಕ ಟೈಸನ್ ಬೇರೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ನೋಡು.

ಈಗ ಇದರ ಇನ್ನೊಂದು ಮಗ್ಗುಲು. ಸೋತವರೆಲ್ಲ ಹವಾ ಅಂತ ಬರೆಯುವ ಚಟ ಈಗಿನ ಹುಡುಗರಿಗೆ ಜಾಸ್ತಿ. ಅಮಿತ್ ಪಂಘಾಲ್ ಟೋಕಿಯೊ ಒಲಿಂಪಿಕ್ಸ್‌ಗೆ 52 ಕೆ.ಜಿ.ಯಲ್ಲಿ ಮೊದಲ ಶ್ರೇಯಾಂಕದವರಾಗಿ ಹೋದರು. ತಮ್ಮ ಮೊದಲ ಪಂದ್ಯದಲ್ಲೇ ಕೊಲಂಬಿಯಾದ ಯುಬೆರ್ಜೆನ್ ಮಾರ್ಟಿನೆಜ್‌ಗೆ ಸೋತರು. ಮಾರನೇ ದಿನವೇ ಮೊಬೈಲ್ ತುಂಬ ಬೈಗುಳ. ಆ ಬೈದವರಲ್ಲಿ ಎಷ್ಟು ಜನಕ್ಕೆ ಮಾರ್ಟಿನೆಜ್ ಯಾರು ಅಂತ ಗೊತ್ತಿತ್ತು? ಅವನು 2016ರ ರಿಯೊ ಒಲಿಂಪಿಕ್ಸ್‌ನ ಬೆಳ್ಳಿ ವಿಜೇತ. ಪಂಘಾಲ್ ಯಾರು? 2018ರ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ರಿಯೊ ಚಿನ್ನ ಗೆದ್ದಿದ್ದ ಉಜ್ಬೇಕಿಸ್ತಾನದ ದುಸ್ಮತೋವ್ ಅವರನ್ನು ಸೋಲಿಸಿದವರು. 2019ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ತಂದವರು, ಭಾರತದ ಗಂಡಸರಲ್ಲಿ ಅದೇ ಮೊದಲು. ಯಾರ ಕೂಡ ಹಿಡಿದಿದ್ದ ಅಂತ ಕೇಳಿದರೆ ತಲೆ ಎತ್ತಿ ಹೇಳಬಹುದಾದ ಹೆಸರುಗಳು ಇವು. ಒಂದು ಬೆಳಗಿನ ಸೋಲು ಇವನ್ನು ಅಳಿಸುವುದಿಲ್ಲ.

ನಿಖತ್ ಜರೀನ್ ಅವರದ್ದೂ ಇದೇ. ತೆಲಂಗಾಣದ ನಿಜಾಮಾಬಾದಿನ ಹೆಣ್ಣುಮಗಳು. 2019ರ ಡಿಸೆಂಬರ್‌ನಲ್ಲಿ ಮೇರಿ ಕೋಮ್ ಎದುರು ಆಯ್ಕೆ ಪಂದ್ಯ ನಡೆಯಲೇಬೇಕು ಅಂತ ಪಟ್ಟು ಹಿಡಿದರು, ನಡೆಯಿತು, 9–1ರಿಂದ ಸೋತರು. ಬಾಯಿ ಬಡುಕಿ ಅಂತ ಜನ ಆಡಿಕೊಂಡರು. 2022ರಲ್ಲಿ ಇಸ್ತಾಂಬುಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು, 2023ರಲ್ಲಿ ದೆಹಲಿಯಲ್ಲಿ ಮತ್ತೆ ಆದರು. ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದಾಗ ಶ್ರೇಯಾಂಕ ಇಲ್ಲದ ಕಾರಣ ಚೀನಾದ ವು ಯು ಬೇಗನೇ ಎದುರಾದರು, ನಿಖತ್ ಸೋತರು. ವು ಯು ಆ ಸಲ ಚಿನ್ನ ಗೆದ್ದರು. ಚಿನ್ನ ಗೆದ್ದವಳ ಎದುರಿಗೆ ಮೊದಲ ದಿನಗಳಲ್ಲೇ ಸೋತವಳನ್ನು ಹವಾ ಅನ್ನುವವರಿಗೆ ಡ್ರಾ ಓದಲು ಬರುವುದಿಲ್ಲ ಅನ್ನಬೇಕು ಅಷ್ಟೇ.

ಮೇರಿ ಕೋಮ್ ಬಗ್ಗೆಯೂ ಒಂದು ಕುಹಕ ಇದೆ, ನಿನ್ನ ಗೆಳೆಯರೇ ಆಡಿದ್ದನ್ನು ಕೇಳಿದ್ದೇನೆ: ಅವರು ಗೆಲ್ಲಲು ಶುರು ಮಾಡಿದಾಗ ಮಹಿಳಾ ಬಾಕ್ಸಿಂಗ್‌ನಲ್ಲಿ ಸ್ಪರ್ಧೆಯೇ ಇರಲಿಲ್ಲ ಅಂತ. ಪ್ರಶ್ನೆ ತಪ್ಪಲ್ಲ. ಅವರ ಮೊದಲ ಚಿನ್ನ 2002ರದ್ದು, ಮಹಿಳಾ ವಿಶ್ವ ಚಾಂಪಿಯನ್‌ಷಿಪ್ ಆಗ ಎರಡನೇ ಸಲ ನಡೆಯುತ್ತಿತ್ತು. ಆದರೆ ಅಲ್ಲಿಗೇ ನಿಲ್ಲಿಸಬಾರದು. 2012ರಲ್ಲಿ ಮಹಿಳಾ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದಾಗ ಇದ್ದ ಅತಿ ಕಡಿಮೆ ತೂಕ 51 ಕೆ.ಜಿ. ಮೇರಿ ಅದಕ್ಕಿಂತ ಕೆಳಗಿನ ತೂಕದಲ್ಲಿ ಆಡಿಕೊಂಡು ಬಂದವರು. ತಮಗಿಂತ ಎತ್ತರದ, ಭಾರದ ಹುಡುಗಿಯರ ಎದುರು ನಿಂತು ಕಂಚು ತಂದರು. ಮತ್ತೆ 2018ರಲ್ಲಿ, ಜಗತ್ತೆಲ್ಲ ಮಹಿಳಾ ಬಾಕ್ಸಿಂಗ್ ಬೆಳೆದ ಮೇಲೆ, ಮೂವತ್ತೈದು ದಾಟಿದ ಮೂರು ಮಕ್ಕಳ ತಾಯಿ ಆರನೇ ವಿಶ್ವ ಚಿನ್ನ ಗೆದ್ದರು. ಕಾಲ ಬದಲಾಯಿತು, ಎದುರಾಳಿಗಳು ಬದಲಾದರು, ಆಕೆ ಉಳಿದರು. ಇದಕ್ಕೆ ಯಾವ ಕುಹಕವೂ ಅಂಟುವುದಿಲ್ಲ.

ತೀರ್ಪು ಕೂಡ ಕೆಲವೊಮ್ಮೆ ಸುಳ್ಳು ಹೇಳುತ್ತದೆ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ 86 ಗುದ್ದು ತಾಗಿಸಿದ, ಕೊರಿಯಾದ ಪಾರ್ಕ್ ಸಿ-ಹುನ್ 32. ಚಿನ್ನ ಹೋದದ್ದು ಪಾರ್ಕ್‌ಗೆ, 3–2ರಿಂದ. ಅದೇ ಕೂಟದ ಅತ್ಯುತ್ತಮ ಬಾಕ್ಸರ್ ಟ್ರೋಫಿ ಮಾತ್ರ ಬೆಳ್ಳಿಯ ಜೋನ್ಸ್‌ಗೆ ಬಂತು! ಹಾಗಾಗಿ ಪದಕದ ಬಣ್ಣ ನೋಡಿ ಸುಮ್ಮನಾಗದೆ, ಸಾಧ್ಯವಾದರೆ ಪೂರ್ತಿ ಪಂದ್ಯ ನೋಡು. ಗೆದ್ದವನು ಕೊನೆಯ ಸುತ್ತಿನಲ್ಲಿ ಕಾಲಿನ ಮೇಲೆ ಹೇಗಿದ್ದಾನೆ, ಪೆಟ್ಟು ತಿಂದಾಗ ಕೈ ಕೆಳಗೆ ಬಿಡುತ್ತಾನೋ ಮೇಲೆತ್ತುತ್ತಾನೋ, ಮೊದಲ ಉಪಾಯ ನಡೆಯದಿದ್ದಾಗ ಎರಡನೆಯದು ಇದೆಯೋ. ಅರ್ಧ ನಿಮಿಷದ ವಿಡಿಯೊದಲ್ಲಿ ಕತ್ತರಿಸಿ ಬಿಸಾಡುವುದು ಇದನ್ನೇ.

ಇನ್ನು ನಮ್ಮ ಮನೆ ಬಾಗಿಲಿನ ಮಾತು. ಹೊಸಪೇಟೆ ದಾಟಿ ಬಳ್ಳಾರಿ ಕಡೆ ಹೋದರೆ ತೋರಣಗಲ್ಲು. ಅಲ್ಲಿ ಜಿಂದಾಲ್‌ನವರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2018ರಿಂದ ನಡೆಯುತ್ತಿದೆ. ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್ ಕಲಿಸುತ್ತಾರೆ. ಹರಿಯಾಣದ ಕರ್ನಾಲ್‌ನ ನಿಶಾಂತ್ ದೇವ್ ತಾಲೀಮು ಮಾಡಿದ್ದು ಅಲ್ಲೇ, ನಮ್ಮ ಬಿಸಿಲಲ್ಲೇ. 2023ರಲ್ಲಿ ತಾಷ್ಕೆಂಟ್ ವಿಶ್ವ ಚಾಂಪಿಯನ್‌ಷಿಪ್‌ನ 71 ಕೆ.ಜಿ.ಯಲ್ಲಿ ಕಂಚು. ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಮೆಕ್ಸಿಕೊದ ಮಾರ್ಕೊ ವೆರ್ಡೆಗೆ 4–1ರಿಂದ ಸೋತರು. ಗೆದ್ದದ್ದು ನಿಶಾಂತ್ ಅಂತ ಬಹಳ ಜನ ಕೂಗಾಡಿದರು. ವೆರ್ಡೆ ಬೆಳ್ಳಿವರೆಗೆ ಹೋದ. 2025ರ ಜನವರಿಯಲ್ಲಿ ನಿಶಾಂತ್ ಲಾಸ್ ವೇಗಸ್‌ನಲ್ಲಿ ಮೊದಲ ವೃತ್ತಿಪರ ಪಂದ್ಯವನ್ನು ಮೊದಲ ಸುತ್ತಿನಲ್ಲೇ ಮುಗಿಸಿದರು. ಅವರು ಮುಂದೆ ಏನಾಗುತ್ತಾರೆ ಅಂತ ಕೇಳಿದ್ದೀಯ. ನಾನು ಮೈಲಾರದ ಗೊರವಯ್ಯ ಅಲ್ಲ, ಕಾರ್ಣಿಕ ನುಡಿಯುವುದಕ್ಕೆ. ಅವರ ಅಮೆಚೂರ್ ಸಾಧನೆ ಗಟ್ಟಿ. ವೃತ್ತಿಪರ ಸಾಧನೆಯನ್ನು ಅವರ ಎದುರಾಳಿಗಳ ಹೆಸರುಗಳು ಹೇಳಬೇಕು, ಆ ಹೆಸರುಗಳು ದೊಡ್ಡದಾಗುತ್ತ ಹೋಗಲಿ ಅಂತ ನನ್ನ ಆಸೆ.

ನೀನೂ ಬಾಕ್ಸಿಂಗ್ ಆಡುವವನು, ನಿನ್ನ ಪದಕಗಳಿಗೂ ಇದೇ ತಕ್ಕಡಿ ಹಿಡಿಯುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ. ಬಾಕ್ಸಿಂಗ್‌ನಲ್ಲಿ ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು ಕೊಡುತ್ತಾರೆ. ನಿನ್ನ ತೂಕದಲ್ಲಿ ನಾಲ್ಕೇ ಜನ ಹೆಸರು ಕೊಟ್ಟಿದ್ದರೆ, ಒಂದೂ ಪಂದ್ಯ ಗೆಲ್ಲದೆ ಕಂಚು ಕೊರಳಿಗೆ ಬೀಳುತ್ತದೆ. ಇಬ್ಬರೇ ಇದ್ದರೆ ಸೋತವನು ಬೆಳ್ಳಿ. ಎದುರಿನವ ತೂಕ ಮೀರಿ ಹೊರಗೆ ಉಳಿದರೆ ವಾಕ್‌ಓವರ್, ರಿಂಗ್ ಹತ್ತದೆ ಗೆಲುವು. ಇದು ಯಾರ ತಪ್ಪೂ ಅಲ್ಲ, ನಿಯಮವೇ ಹಾಗಿದೆ. ಸರ್ಟಿಫಿಕೇಟಿನಲ್ಲಿ ಮಾತ್ರ ಇದ್ಯಾವುದೂ ಇರುವುದಿಲ್ಲ, ಬಸ್ ಸ್ಟ್ಯಾಂಡ್ ಎದುರಿನ ಫ್ಲೆಕ್ಸ್‌ನಲ್ಲಂತೂ ಇರುವುದೇ ಇಲ್ಲ. ಅಲ್ಲಿ ನೀನು "ತಾಲ್ಲೂಕಿನ ಹುಲಿ", ನಿನ್ನ ತಲೆಯ ಸುತ್ತ ನಾಯಕರ ಫೋಟೊಗಳು, ಕೆಳಗೆ ಶುಭ ಕೋರುವ ಹತ್ತಾರು ಹೆಸರು. ಆ ಫ್ಲೆಕ್ಸ್ ಯಾರ ಹೆಸರು ದೊಡ್ಡದು ಮಾಡಲು ನಿಂತಿದೆ ಅಂತ ಒಮ್ಮೆ ಅಳತೆ ಪಟ್ಟಿ ಹಿಡಿದು ನೋಡಿಬಿಡು.

ಇನ್ನೊಂದು ಜಾಗ್ರತೆ. ಊರಿಗೊಂದು "ರಾಷ್ಟ್ರೀಯ", "ಅಂತರರಾಷ್ಟ್ರೀಯ" ಚಾಂಪಿಯನ್‌ಷಿಪ್ ಹುಟ್ಟಿಕೊಂಡಿದೆ. ಫೀಸು ಕಟ್ಟಿದರೆ ಜೆರ್ಸಿ, ಟ್ರಾಕ್‌ಸೂಟ್, ಪದಕ ಎಲ್ಲ ಸಿಗುತ್ತದೆ. ಹೋಗುವ ಮುಂಚೆ ಅದನ್ನು ಬಾಕ್ಸಿಂಗ್ ಫೆಡರೇಷನ್ ಆಫ್ ಇಂಡಿಯಾ ಅಥವಾ ಅದರ ರಾಜ್ಯ ಸಂಸ್ಥೆ ಮಾನ್ಯ ಮಾಡಿದೆಯೋ, ಶಾಲಾ ಕ್ರೀಡಾಕೂಟದ್ದೋ, ಖೇಲೋ ಇಂಡಿಯಾದ್ದೋ ಅಂತ ವಿಚಾರಿಸು. ರಿಂಗಿನ ಪಕ್ಕ ಡಾಕ್ಟರ್ ಇರುತ್ತಾರೋ, ಆಂಬುಲೆನ್ಸ್ ನಿಂತಿರುತ್ತದೋ ಅಂತ ಅದಕ್ಕಿಂತ ಮೊದಲು ವಿಚಾರಿಸು. 2022ರ ಜುಲೈನಲ್ಲಿ ಬೆಂಗಳೂರಿನ ಒಂದು ಕಿಕ್ ಬಾಕ್ಸಿಂಗ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಮೈಸೂರಿನ ಹುಡುಗನೊಬ್ಬ ತೀರಿಕೊಂಡ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ಮನೆಯವರು ದೂರಿದರು. ಹವಾ ಅಂದರೆ ಬರೀ ಬಡಾಯಿ ಅಂತ ತಿಳಿಯಬೇಡ. ತನಗಿಲ್ಲದ ಮಟ್ಟವನ್ನು ಇದೆ ಅಂತ ನಂಬಿದ ಹುಡುಗನನ್ನು ನಿಜವಾದ ಬಾಕ್ಸರ್ ಎದುರು ನಿಲ್ಲಿಸಿದರೆ, ಪೆಟ್ಟು ಬೀಳುವುದು ಫ್ಲೆಕ್ಸ್‌ಗಲ್ಲ.

ಹವಾ ಇಲ್ಲದೆಯೂ ಕಸುವು ಇರುತ್ತದೆ. ಕೊಡಗಿನ ಚೇನಂಡ ಮಾಚಯ್ಯ ಅವರ ಹೆಸರು ಕೇಳಿದ್ದೀಯಾ? ಕೇಳಿರುವುದಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಭಾರತದ ಬಾಕ್ಸರ್, ಅರ್ಜುನ ಪ್ರಶಸ್ತಿ ಪಡೆದವರು. ಹವಾ ಸಿಂಗ್ ಎಂಬುವರು 1966 ಮತ್ತು 1970ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಹೆವಿವೇಟ್ ಚಿನ್ನ ಗೆದ್ದರು. ಹೆಸರಲ್ಲೇ ಹವಾ ಇದ್ದರೂ ಮನುಷ್ಯ ಅಪ್ಪಟ, ನಗಬೇಡ. ಇವರ ರೀಲ್ಸ್ ಯಾರೂ ಮಾಡಲಿಲ್ಲ.

ಈಗ ನೀನು ಮಾಡಬೇಕಾದ್ದು. ನಿನ್ನ ಕೋಚ್ ಸ್ಪಾರಿಂಗ್‌ಗೆ ಜೋಡಿ ಹಾಕುವಾಗ ನಿನಗಿಂತ ಮೇಲಿನವನನ್ನು ಕೇಳಿ ತೆಗೆದುಕೋ, ಆದರೆ ತೂಕ ಸಮ ಇರಲಿ, ಕೋಚ್ ಬೇಡ ಅಂದರೆ ಬೇಡ. ಹೊಡೆಸಿಕೊಂಡ ದಿನದ ವಿಡಿಯೊವನ್ನೇ ಉಳಿಸಿಕೋ, ಗೆದ್ದ ದಿನದ್ದನ್ನು ನಿಮ್ಮಮ್ಮನಿಗೆ ಕಳಿಸು, ಆಕೆಗೆ ಅದು ಬೇಕು. ತೆರೆದ ಜೀಪಿನ ಮೆರವಣಿಗೆ ಅಂತ ಯಾರಾದರೂ ಬಂದರೆ, ಆ ರೊಕ್ಕದಲ್ಲಿ ಶಾಲೆಗೆ ಎರಡು ಜೊತೆ ಗ್ಲೌಸ್, ಒಂದು ಪಂಚಿಂಗ್ ಬ್ಯಾಗ್ ಕೊಡಿಸಿ ಅಂತ ಕೈಮುಗಿದು ಹೇಳು. ಕೊಟ್ಟರೆ ಒಳ್ಳೆಯದು, ಕೊಡದಿದ್ದರೆ ಅವರು ಯಾತಕ್ಕೆ ಬಂದಿದ್ದರು ಅಂತ ಗೊತ್ತಾಗುತ್ತದೆ.

ಮುಂದಿನ ತಿಂಗಳು ರಾಜ್ಯಮಟ್ಟಕ್ಕೆ ಹೋಗುತ್ತೀಯಂತೆ. ಬರುವಾಗ ಪದಕ ಬಂದರೂ ಬರದಿದ್ದರೂ ನಿನ್ನ ತೂಕದ ಡ್ರಾ ಹಾಳೆಯ ಫೋಟೊ ತೆಗೆದುಕೊಂಡು ಬಾ. ಯಾವ ಜಿಲ್ಲೆಯವರು ಎಷ್ಟು ಜನ ಬಂದಿದ್ದರು, ನೀನು ಯಾರ ಕೂಡ ಹಿಡಿದೆ, ಅವನು ಮುಂದೆ ಯಾರಿಗೆ ಸೋತ, ಎಲ್ಲ ಕೂತು ಓದೋಣ. ಕೊಟ್ಟೂರು ಮಿರ್ಚಿ ಮಂಡಕ್ಕಿ ನನ್ನ ಲೆಕ್ಕದಲ್ಲಿ.